ಉಂಡ ಮನೆಯ ಗಳ ಎಣಿಸಿದಂತೆಯೇ?

ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಹಿರಿಯ ಅಕ್ಕ ಒಬ್ಬರಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಕಾಟಾದ ಚೀಟಿಯಲ್ಲಿ ತೂಕ ಕಡಿಮೆ ಕಂಡರೆ ಮಗನನ್ನು ಅದೇ ಹೆಜ್ಜೆಯಲ್ಲಿ ಮರಳಿ ಕಳಿಸುವವರು. ಅವರನ್ನು ಒಮ್ಮೆ ಕೇಳಿದೆ: "ಅಕ್ಕಾರ, ನಿಮ್ಮ ಶಾಸಕರು ಈ ವರ್ಷ ವಿಧಾನಸಭೆಯೊಳಗ ಎಷ್ಟು ದಿನ ಕುಂತಿದ್ರು, ಏನು ಕೇಳಿದ್ರು, ಗೊತ್ತೈತೇನ್ರಿ?" ಅವರು ನಕ್ಕುಬಿಟ್ಟರು. "ನಮ್ಮ ಹುಡುಗಿ ಲಗ್ನಕ್ಕ ಬಂದು ಆಯೇರಿ ಮಾಡಿ ಹೋಗ್ಯಾರ. ನಮ್ಮ ಮನ್ಯಾವ್ರು ದವಾಖಾನ್ಯಾಗ ಇದ್ದಾಗ ಫೋನ್ ಮಾಡಿ ಹೇಳ್ಯಾರ. ಅಂಥವ್ರ ಲೆಕ್ಕ ಕೇಳೂದಂದ್ರ ಉಂಡ ಮನಿ ಗಳ ಎಣಿಸಿದಂಗ ಅಲ್ಲೇನ್ರಿ?"

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಸಣ್ಣದಲ್ಲ. ಉಪಕಾರ ಸ್ಮರಣೆ ಸದ್ಗುಣವೆಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಪರರ ಮೇಲೆ ತೀರ್ಪು ಹೇಳಬೇಡಿ ಎಂಬ ಪ್ರಭುವಿನ ಎಚ್ಚರಿಕೆಯೂ ನಮ್ಮ ಕಿವಿಯಲ್ಲಿದೆ. ಹಾಗಿರುವಾಗ ಸಹಾಯ ಮಾಡಿದವರ ಹಾಜರಿ, ಮಾತು, ಖರ್ಚುಗಳನ್ನು ಬರೆದಿಡುವುದು ಕೃತಘ್ನತೆಯಲ್ಲವೇ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ದೊಡ್ಡ ರಾಜಕಾರಣಿಯನ್ನು 'ಸಾಹುಕಾರ್ರು' ಎನ್ನುವ ರೂಢಿಯಿದೆ. ಪ್ರೀತಿ, ಗೌರವ, ತುಸು ಅಂಜಿಕೆ ಎಲ್ಲವೂ ಸೇರಿದ ಮಾತು ಅದು. ಆದರೆ ಸಾಹುಕಾರನೆಂದರೆ ಸಾಲ ಕೊಟ್ಟವನು. ಖಾತೆಯ ಪುಸ್ತಕ ಅವನ ಪೆಟ್ಟಿಗೆಯಲ್ಲಿರುತ್ತದೆ, ತಲೆ ತಗ್ಗಿಸಿ ನಿಲ್ಲುವವನು ಸಾಲಗಾರ. ಚುನಾವಣೆಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದುದು. ಐದು ವರ್ಷದ ವಾಯಿದೆಗೆ ನಮ್ಮ ಮತವನ್ನು ಕೊಡುವವರು ನಾವು, ಪಡೆಯುವವರು ಅವರು. ಹೀಗಿದ್ದೂ ಕೊಟ್ಟವರೇ ಋಣದ ಭಾರದಲ್ಲಿ ಕುಗ್ಗಿದ್ದೇವೆ.

ಊರಿನ ಸಮುದಾಯ ಭವನದ ಗೋಡೆಯ ಮೇಲೆ ಇಂಥ ಶಾಸಕರ ಅನುದಾನದಿಂದ ಕಟ್ಟಿಸಿದ್ದೆಂದು ಫಲಕ ಇರುತ್ತದೆ. ಕರ್ನಾಟಕದಲ್ಲಿ ಒಬ್ಬ ಶಾಸಕರ ಕ್ಷೇತ್ರಕ್ಕೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಆ ಹಣ ಬಂದದ್ದು ಅಕ್ಕ ಕೊಳ್ಳುವ ಸೋಪು, ಎಣ್ಣೆ, ಮಗನ ಬೈಕಿನ ಪೆಟ್ರೋಲಿನ ಮೇಲಿನ ತೆರಿಗೆಯಿಂದ. ನಾವು ಉಂಡ ಮನೆ ನಮ್ಮದೇ. ಅದರ ಗಳಗಳನ್ನು ಎಣಿಸಿದರೆ ಯಾರಿಗೂ ದ್ರೋಹವಾಗದು. ಎಣಿಸುವ ದಾರಿಯೂ ಇದೆ: 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಯಾವ ಕಾಮಗಾರಿಗೆ ಎಷ್ಟು ಹೋಯಿತೆಂದು 30 ದಿನದೊಳಗೆ ತಿಳಿಸಬೇಕು.

ಸದನದ ಕೆಲಸವೂ ಗುಟ್ಟಲ್ಲ. ಚುಕ್ಕೆ ಗುರುತಿನ ಪ್ರಶ್ನೆಗಳು ಕೇಳಿದವರ ಹೆಸರಿನೊಂದಿಗೆ ಅಚ್ಚಾಗುತ್ತವೆ, ಕಲಾಪದ ನಡಾವಳಿಯೂ ಪ್ರಕಟವಾಗುತ್ತದೆ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನ ನಮ್ಮ ಬಾಗಿಲಿಗೇ ಬರತೊಡಗಿತು. ಈ ಮೂರು ತಾಲ್ಲೂಕುಗಳಿಂದ ಗೋಕಾಕ, ಅರಭಾವಿ, ಯಮಕನಮರಡಿ, ಹುಕ್ಕೇರಿ ಎಂದು ಮುಖ್ಯವಾಗಿ ನಾಲ್ಕು ಕ್ಷೇತ್ರಗಳ ಶಾಸಕರು ಅಲ್ಲಿರುತ್ತಾರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಹಗಲು ರಾತ್ರಿ ಕುಳಿತ ರೈತರಲ್ಲಿ ಎಷ್ಟು ಮಂದಿ, ನಮ್ಮ ದರದ ಮಾತನ್ನು ಸದನದಲ್ಲಿ ಯಾರು ಎತ್ತಿದರೆಂದು ಹುಡುಕಿ ನೋಡಿದ್ದಾರೋ ಕಾಣೆ. ಕಾಟಾದ ಚೀಟಿಯಷ್ಟೇ ಅಗತ್ಯವಾದ ಚೀಟಿ ಇದು.

ಆದರೆ ಒಂದು ಕಡೆ ನಮ್ಮ ಲೆಕ್ಕ ನಿಂತುಹೋಗುತ್ತದೆ. ಮಸೂದೆಗೆ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬುದು ಬಹುತೇಕ ಗೊತ್ತಾಗುವುದೇ ಇಲ್ಲ. ಬ್ರಿಟನ್ನಿನ ಸಂಸತ್ತು 1836ರಲ್ಲೇ ಮತ ಹಾಕಿದ ಸದಸ್ಯರ ಹೆಸರುಗಳ ಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸತೊಡಗಿತು. ನಮ್ಮಲ್ಲಿ ಹೆಚ್ಚಿನವು ಧ್ವನಿಮತದಲ್ಲೇ ಮುಗಿಯುತ್ತವೆ. ಮತಾಂತರ ನಿಷೇಧ ಮಸೂದೆಯೆಂದು ಹೆಸರಾದ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2021ರ ಡಿಸೆಂಬರ್ 23ರಂದು, ಇದೇ ಬೆಳಗಾವಿಯಲ್ಲಿ, ಗದ್ದಲದ ನಡುವೆ, ಧ್ವನಿಮತದಿಂದ. ನಮ್ಮ ಕುಟುಂಬಗಳನ್ನು ಅಷ್ಟು ಹತ್ತಿರದಿಂದ ಮುಟ್ಟಿದ ವಿಷಯದಲ್ಲಿ ಪಕ್ಷಗಳ ನಿಲುವು ಗೊತ್ತು, ಒಬ್ಬೊಬ್ಬ ಸದಸ್ಯನ ಮತದ ಪಟ್ಟಿ ಇಲ್ಲ. ಪಟ್ಟಿ ಇದ್ದರೂ ಅದು ಅವರ ಮನಸ್ಸಾಕ್ಷಿಯ ಮತವೆನ್ನಲಾಗದು. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು.

ಅಪರೂಪಕ್ಕೆ ಒಮ್ಮೆ ತಲೆ ಎಣಿಕೆ ಆಗಿಯೇ ಆಯಿತು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ ವಿಶ್ವಾಸಮತ ಕೇಳಿದಾಗ 99 ಮತ ಪರ, 105 ವಿರುದ್ಧ. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಗೋಕಾಕದ ಶಾಸಕ ರಮೇಶ ಜಾರಕಿಹೊಳಿಯವರು ರಾಜೀನಾಮೆ ಸಲ್ಲಿಸಿ ಅಂದು ಸದನದ ಹೊರಗಿದ್ದರು. ಜುಲೈ 25ರಂದು ಸ್ಪೀಕರ್ ರಮೇಶ್ ಕುಮಾರ್ ಅವರನ್ನು ಅನರ್ಹಗೊಳಿಸಿದರು. ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿತು. ಮನೆ ಕಳೆದುಕೊಂಡವರ ಪರವಾಗಿ ವಿಧಾನಸಭೆಯಲ್ಲಿ ಮಾತಾಡಬೇಕಾದ ಗೋಕಾಕದ ಕುರ್ಚಿ ಆಗ ಖಾಲಿ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧಿಸಲು ಮಾತ್ರ ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಮತ್ತೆ ಗೆದ್ದರು. ಮತದಾರರ ಆ ಹಕ್ಕನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಕೂಡಿ ಕಳೆದು ನೋಡಿ ಕೊಟ್ಟ ಮತವೋ, ಹಂಗಿನಿಂದ ಕೊಟ್ಟ ಮತವೋ ಎಂಬುದು ಕೊಟ್ಟ ಒಬ್ಬೊಬ್ಬರ ಒಳಮನಸ್ಸಿಗೆ ಮಾತ್ರ ಗೊತ್ತು.

ಇನ್ನು ಖರ್ಚಿನ ಮಾತು. ಇಲ್ಲಿ ನಾವೂ ಸಿಕ್ಕಿಬೀಳುತ್ತೇವೆ! 2023ರ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು; ತಪ್ಪಿದರೆ ಮೂರು ವರ್ಷ ಅನರ್ಹತೆ ಬರಬಹುದು. ಎರಡು ಲಕ್ಷ ಮತದಾರರಿಗೆ ಹಂಚಿದರೆ ತಲೆಗೆ 20 ರೂಪಾಯಿ. ಹಾಗಾದರೆ ಯಾವುದೇ ಊರಿನಲ್ಲಿ ಯಾರಾದರೂ ಮತದ ಹಿಂದಿನ ರಾತ್ರಿ 500ರ ನೋಟು ಪಡೆದಿದ್ದರೆ, ಆ ಅಭ್ಯರ್ಥಿಯ ಲೆಕ್ಕ ಸುಳ್ಳೆಂಬುದಕ್ಕೆ ಅವರೇ ಸಾಕ್ಷಿ. ಆದರೆ ಆ ಸಾಕ್ಷಿ ಬಾಯಿ ಬಿಡಲಾರದು, ಏಕೆಂದರೆ ಕೊಡುವುದರಂತೆ ಪಡೆಯುವುದೂ ಅಪರಾಧ. ಆ ನೋಟು ಮತವನ್ನು ಕೊಂಡುಕೊಂಡಿತೋ ಇಲ್ಲವೋ, ಮುಂದಿನ ಐದು ವರ್ಷದ ಮೌನವನ್ನಂತೂ ಕೊಂಡುಕೊಂಡಿತು.

ಲೆಕ್ಕ ಇಡುವವರಿಗೂ ಒಂದು ಕಟ್ಟಳೆ ಇದೆ. ದಶಾಜ್ಞೆಗಳಲ್ಲಿ ಎಂಟನೆಯದು ಸುಳ್ಳು ಸಾಕ್ಷಿಯನ್ನು ನಿಷೇಧಿಸುತ್ತದೆ; ರಾಜಕಾರಣಿಯ ವಿಷಯಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಹೇಳುತ್ತಾರೆ. ಅದನ್ನು ಅರಿಯದೆ, ಇವರು ಒಂದೂ ಪ್ರಶ್ನೆ ಕೇಳಿಲ್ಲವೆಂದು ಹಬ್ಬಿಸುವುದು ಅನ್ಯಾಯ. ಹಾಜರಿಗೆ ಸಹಿ ಹಾಕಿ ಹೊರನಡೆದವರೂ ಇರಬಹುದು, ಕಡಿಮೆ ದಿನ ಬಂದರೂ ಊರಿನ ನೀರಿನ ಮಾತನ್ನು ಸರಿಯಾಗಿ ಎತ್ತಿದವರೂ ಇರಬಹುದು. ವಾಟ್ಸಾಪಿನಲ್ಲಿ ಬಂದ ಆಸ್ತಿಯ ಅಂಕಿಯನ್ನು ನೋಡದೆ ಮುಂದಕ್ಕೆ ಕಳಿಸುವ ನಮ್ಮ ಯುವಕರು, ನಾಮಪತ್ರದ ಜೊತೆ ಅಭ್ಯರ್ಥಿಯೇ ಸಲ್ಲಿಸಿದ ಅಫಿಡವಿಟ್ ತೆರೆದು ನೋಡುವುದಿಲ್ಲ. ಪ್ರಭು ಬೇಡವೆಂದದ್ದು ಹೃದಯಕ್ಕೆ ತೀರ್ಪು ಕೊಡುವುದನ್ನು. ಲೆಕ್ಕ ನೋಡುವುದು ಬೇರೆ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಸಂತ ಪೌಲನು, ಸಭೆಗಳು ಆರಿಸಿದ ಸಹೋದರರೂ ತನ್ನ ಜೊತೆಗಿರಲೆಂದು ತಾನೇ ಬಯಸಿದನು. ಅದನ್ನು ಅವನು ಅವಮಾನವೆಂದು ಎಣಿಸಲಿಲ್ಲ.

ಮೊನ್ನೆ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಚುನಾವಣಾ ಖರ್ಚಿನ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು ನಿಯಮದಲ್ಲಿದೆ ಎಂದಾಗ ಅವರು ನಂಬಲಿಲ್ಲ.

"ಒಂದ ರೂಪಾಯಿಗೇನ್ರಿ?"

"ಹೌದ್ರಿ, ಅಕ್ಕಾರ. ಬೆಳಗಾವಿ ಡಿಸಿ ಆಫೀಸಿನಾಗ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಯೇರಿ ಬರದ ವಹಿಯೊಳಗ ಇನ್ನೂ ಹಾಳಿ ಉಳದಾವ. ಅದರಾಗ ಬರಕೊಂಡ್ರ ನಡೀತೈತೇನ್ರಿ?"