ಮಿಕ್ಕದ್ದು ಯಾವುದು?

ಇಂಗ್ಲಿಷಿನಲ್ಲಿ ‘ಸೂಪರ್‌ಫ್ಲೂಅಸ್’ ಎಂಬುದೊಂದು ಶಬ್ದವಿದೆ. ಕಚೇರಿಯ ಕಡತಗಳಲ್ಲಿ ಬೇಡವಾದ ವಾಕ್ಯಕ್ಕೂ, ಕೆಲವೊಮ್ಮೆ ಬೇಡವಾದ ಮನುಷ್ಯನಿಗೂ ಇದನ್ನು ನಿರ್ದಾಕ್ಷಿಣ್ಯವಾಗಿ ಅಂಟಿಸುವುದುಂಟು. ‘ಅನವಶ್ಯಕ’ ಎಂದು ಕನ್ನಡಿಸಿದರೆ ಅರ್ಥವೇನೋ ಬಂದೀತು, ಶಬ್ದದೊಳಗಿನ ಚಿತ್ರ ಮಾತ್ರ ಅಳಿಸಿಹೋಗುತ್ತದೆ. ಅದರ ಲ್ಯಾಟಿನ್ ಮೂಲದಲ್ಲಿರುವುದು ನೀರು. ಅಂಚು ಮೀರಿ ಹರಿದದ್ದು ಎಂದೇ ಅದರ ಮೊದಲ ಅರ್ಥ.

ಹೈದರಾಬಾದಿನವರಿಗೆ ಇದನ್ನು ನಿಘಂಟು ತೆರೆದು ತೋರಿಸಬೇಕಾಗಿಲ್ಲ. 1908ರ ಸೆಪ್ಟೆಂಬರ್ 28ರಂದು, ನವರಾತ್ರಿಯ ಮೊದಲ ದಿನಗಳಲ್ಲಿಯೇ, ಮೂಸಿ ನದಿ ದಡ ಮೀರಿ ಊರೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂಬುದು ಪ್ರಚಲಿತ ಅಂದಾಜು. ಅಫ್ಜಲ್‌ಗಂಜಿನ ಹುಣಿಸೆಮರವೊಂದನ್ನೇರಿ ಸುಮಾರು 150 ಮಂದಿ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ಇದೆ.

1909ರಲ್ಲಿ ಬಂದ ಎಂ. ವಿಶ್ವೇಶ್ವರಯ್ಯನವರು ನೀರನ್ನು ಶತ್ರುವೆಂದು ಬಗೆಯಲಿಲ್ಲ. ಊರಿನ ಮೇಲ್ಭಾಗದಲ್ಲಿ ಅದನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರವೂ, 1927ರಲ್ಲಿ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರವೂ ಮುಗಿದವು. ಮನೆ ಕೆಡವಿದ ನೀರೇ ಮನೆಯ ನಲ್ಲಿಗೆ ಬಂದಿತು. ಮೊದಲೂ ನೀರಿನಲ್ಲಿ ದೋಷವಿರಲಿಲ್ಲ, ಅದು ನಿಲ್ಲಲು ನೆಲೆಯಿರಲಿಲ್ಲ, ಅಷ್ಟೆ.

ಮನುಷ್ಯನ ಗಳಿಕೆಯೂ ಹೀಗೆಯೇ ಅಲ್ಲವೆ? ಶರಣರು ದಾಸೋಹವೆಂದು ಕರೆದದ್ದು ಮಿಕ್ಕದ್ದಕ್ಕೆ ತೋಡಿದ ಕಾಲುವೆಯನ್ನು. ಏಳನೆಯ ನಿಜಾಮರು ಜೇಕಬ್ ವಜ್ರವನ್ನು ಪೇಪರ್‌ವೇಟ್ ಮಾಡಿಕೊಂಡಿದ್ದರೆಂಬ ಮಾತು ಪ್ರಸಿದ್ಧವಾದುದು. ಅದನ್ನು ಕೇಳಿ ನಗುವುದು ಸುಲಭ. ದಸರೆಯ ಬೊಂಬೆಗಳಿಗಾಗಿ ತೆರೆದ ಟ್ರಂಕಿನ ತಳದಲ್ಲಿ, ಹತ್ತು ವರ್ಷದಿಂದ ಮಡಿಕೆ ಬಿಚ್ಚದ ಸೀರೆಗಳು ಕಂಡಾಗ ಯಾರಿಗೂ ಆ ನಗೆ ಬಾರದು.

ಆದರೆ ಮಿಕ್ಕದ್ದು ಯಾವುದೆಂದು ತೀರ್ಮಾನಿಸುವವರು ಯಾರು? ಪ್ರವಾಹವನ್ನು ತಡೆಯುವ ಜಲಾಶಯದಲ್ಲಿ ಒಂದಿಷ್ಟು ಸ್ಥಳ ಬರಿದಾಗಿಯೇ ಇರಬೇಕಾಗುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಆ ಬರಿದು ಸ್ಥಳವೂ, ಒಣಗಿದ ನಾಲೆಯ ಅಗಲವೂ ವ್ಯರ್ಥವಾಗಿ ಕಾಣುತ್ತವೆ. ನೀರಿಗೆ ಇಷ್ಟೊಂದು ಜಾಗವೇಕೆಂದು ಕೆರೆಯಂಗಳಗಳಲ್ಲಿ ಮನೆಗಳೆದ್ದವು. 2020ರ ಅಕ್ಟೋಬರಿನಲ್ಲಿ, ನವರಾತ್ರಿಗೆ ಕೆಲವೇ ದಿನಗಳ ಮುಂಚೆ, ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬಂದಿತು.

ಮಹಾನಗರದ ಗೃಹಸ್ಥನು ಹೊಸ ಫ್ಲಾಟಿನ ನಕ್ಷೆಯನ್ನು ಹರಡಿಕೊಂಡು, ದೇವರ ಕೋಣೆಯನ್ನೂ ಊರಿನಲ್ಲಿರುವ ತಾಯಿಯ ಮಂಚವನ್ನೂ ಹೆಚ್ಚಿನದೆಂದು ಹೊಡೆದುಹಾಕುವಾಗ ಬಳಸುವುದು ಇದೇ ಶಬ್ದವನ್ನು. ಟ್ರಂಕಿನ ಸೀರೆಗಳಿಗೆ ಮಾತ್ರ ಆ ಫ್ಲಾಟಿನಲ್ಲಿ ಕಪಾಟು ದೊರಕಿರುತ್ತದೆ.