ತೊಟ್ಟಿಯ ಆಕಾಶ

ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಜೀವವನ್ನು ಗಡಿಗೆಯೊಳಗಿನ ಆಕಾಶಕ್ಕೆ ಹೋಲಿಸಿದರು: ಗಡಿಗೆ ಒಡೆದರೆ ಒಳಗಿನ ಬಯಲು ಹೊರಗಿನ ಬಯಲಲ್ಲಿ ಲೀನ. ನಮ್ಮ ತೊಟ್ಟಿಮನೆ ಅದೇ ಮಾತನ್ನು ಗಡಿಗೆ ಒಡೆಯದೆಯೇ ಹೇಳುತ್ತದೆ ಎಂಬುದು ನನ್ನ ವಾದ. ನಾಲ್ಕೂ ಕಡೆಯ ಹೆಂಚಿನ ಮಾಡು ನಡುವಿನ ತೆರೆದ ತೊಟ್ಟಿಯತ್ತ ಒಳಕ್ಕೆ ಇಳಿದಿರುತ್ತದೆ. ಮಳೆ ನಡುಮನೆಗೇ ಸುರಿಯುತ್ತದೆ, ಬಿಸಿಗಾಳಿ ಅಲ್ಲಿಂದಲೇ ಮೇಲೇರುತ್ತದೆ. ಕಂಬಸಾಲಿನ ಪಡಸಾಲೆಯಲ್ಲಿ ಕೂತವರು ಒಳಗಿದ್ದಾರೋ ಹೊರಗಿದ್ದಾರೋ ಹೇಳುವುದು ಕಷ್ಟ. ಮನೆಯ ನಟ್ಟನಡುವಿನ ಜಾಗವೇ ಎಲ್ಲಕ್ಕಿಂತ ತೆರೆದ ಜಾಗ. ಒಳಕ್ಕೆ ಹೋದಷ್ಟೂ ಬಯಲು ಎಂಬ ವೇದಾಂತದ ನಂಬಿಕೆಗೆ ಇದಕ್ಕಿಂತ ಹತ್ತಿರದ ಕಟ್ಟಡ ನನಗೆ ತೋಚದು.

ಕೇರಳದ ನಾಲುಕೆಟ್ಟು ಮನೆಗಳಲ್ಲೂ ಪ್ರಾಚೀನ ರೋಮಿನ ಮನೆಗಳಲ್ಲೂ ನಡುವೆ ಆಕಾಶವಿತ್ತು. ಇದು ಗಾಳಿ ಬೆಳಕಿನ ಲೆಕ್ಕಾಚಾರ, ದರ್ಶನ ಎಲ್ಲಿಂದ ಬಂತು ಎಂದು ಕೇಳಬಹುದು. ಕಟ್ಟಿದ್ದಕ್ಕೆ ಕಾರಣ ಅದೇ ಇರಲಿ. ತಲೆಮಾರುಗಟ್ಟಲೆ ಅಲ್ಲಿ ಬಾಳಿದವರ ಕಣ್ಣಿಗೆ ರೂಢಿಯಾದದ್ದು ಮಾತ್ರ ಆಕಾಶ. ಇನ್ನೊಂದು ಆಕ್ಷೇಪ ಕಠಿಣವಾದದ್ದು. ಮಳೆಯನ್ನು ಒಳಗೆ ಬಿಟ್ಟುಕೊಂಡ ಅದೇ ಮನೆ ಜಾತಿಯ ಹೆಸರಲ್ಲಿ ಮನುಷ್ಯರನ್ನು ಜಗಲಿಯಾಚೆ ನಿಲ್ಲಿಸಿತು. ಇದಕ್ಕೆ ಸಮರ್ಥನೆಯಿಲ್ಲ, ಆದರೆ ಆ ತಪ್ಪನ್ನು ಅಳೆಯುವ ಕೋಲು ಆ ತೊಟ್ಟಿಯಲ್ಲೇ ಇದೆ. ಗಾಜಿನ ಜಾರುಬಾಗಿಲಿಟ್ಟು ತೋಟವನ್ನು ಕೋಣೆಗೆ ಸೇರಿಸಿಕೊಳ್ಳುವ ಇಂದಿನ ಮನೆಗಳಲ್ಲೂ ಕೆಲಸದವರಿಗೆ ಬೇರೆ ಲೋಟ ಇರುವೆಡೆ ಅದೇ ಕೋಲು ಬೇಕಾಗುತ್ತದೆ.