ಕೇಳದೆ ಬಂದ ಸಿರಿ

ಕಲ್ಯಾಣವನ್ನು ಬಿಟ್ಟು ಕಸಾರಾದ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆಯಿಂದಲೂ ಬಿರ್ಲಾ ಮನೆತನದವರು ಕಟ್ಟಿಸಿದ ವಿಠ್ಠಲ ಮಂದಿರದಿಂದಲೂ ಹೆಸರಾದ ಊರು. ತಿಂಗಳ ಪಗಾರವನ್ನೇ ನೆಚ್ಚಿ ಮಕ್ಕಳನ್ನು ಬೆಳೆಸಿದ ಸಂಸಾರಗಳು ಇಲ್ಲಿ ಬಹಳ. ಇದೇ ಠಾಣೆ ಜಿಲ್ಲೆಯಲ್ಲಿ ಮುಂಬಯಿ-ನಾಗಪುರ ಸಮೃದ್ಧಿ ಮಹಾಮಾರ್ಗಕ್ಕಾಗಿ 2017ರಿಂದೀಚೆಗೆ ಸರಕಾರ ಭೂಮಿಯನ್ನು ಕೊಂಡಾಗ, ಭತ್ತ ಬೆಳೆಯುತ್ತಿದ್ದ ಎಷ್ಟೋ ಮನೆಗಳು ಕಂಡರಿಯದ ಹಣವನ್ನು ಕಂಡವು. 2013ರ ಭೂಸ್ವಾಧೀನ ಕಾಯಿದೆಯಂತೆ ಗ್ರಾಮಾಂತರ ಭೂಮಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ದೊರೆಯಬಹುದು. ಹಾಗೆ ಸಿರಿ ಬಂದ ಮನೆಯ ಹದಿನೈದರ ಹುಡುಗನ ಪಾಡೇನು?

ಅವನ ಸ್ವಂತ ಹೆಸರಿನಲ್ಲಿರುವ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಪಾಲಕರು ಮಾರಲಾಗದೆಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆ ವಿಧಿಸುತ್ತದೆ. ಆಸ್ತಿಗೆ ಇಷ್ಟಾದರೂ ಕಾವಲುಂಟು. ಮನಸ್ಸಿನ ಮಾತು ಬೇರೆ. ನಿನ್ನೆಯವರೆಗೆ ಒಂದೇ ವಡಾಪಾವನ್ನು ಹಂಚಿಕೊಂಡ ಗೆಳೆಯ ಇಂದು ಸಂಕೋಚದಿಂದ ದೂರ ನಿಲ್ಲುತ್ತಾನೆ. ಇಲ್ಲವೆ, ಅದಕ್ಕಿಂತ ಕಷ್ಟದ್ದು, ಸಂಕೋಚವಿಲ್ಲದೆ ಹತ್ತಿರ ಬರುತ್ತಾನೆ. ತಾನು ದುಡಿಯದ ಹಣಕ್ಕೆ ತಾನು ಉತ್ತರ ಹೇಳಬೇಕಾಗಿ ಬಂದಿದೆಯೆಂದು ಹುಡುಗನಿಗೆ ಅನ್ನಿಸುವುದು ಸಹಜ.

ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕನು ಸರ್ವಸ್ವವನ್ನೂ ತೊರೆದು ಪುರಂದರದಾಸನಾದನೆಂಬ ಐತಿಹ್ಯ ಕನ್ನಡಿಗರಿಗೆಲ್ಲ ಗೊತ್ತು. ಆಗ ಮಕ್ಕಳ ಅಭಿಪ್ರಾಯ ಏನಿತ್ತೆಂದು ಯಾರೂ ವಿಚಾರಿಸಿದಂತಿಲ್ಲ. ಸಿರಿ ಬರುವಾಗಲೂ ಹೋಗುವಾಗಲೂ ಮಕ್ಕಳು ಹಿಂದೆ ಹಿಂದೆ ನಡೆಯುವವರೇ.

ಕೇಳಿಸಿಕೊಂಡ ಹುಡುಗನೊಬ್ಬನಿದ್ದಾನೆ, ಕಠೋಪನಿಷತ್ತಿನ ನಚಿಕೇತ. ಯಮನು ಆನೆ, ಕುದುರೆ, ಹೊನ್ನು, ವಿಶಾಲ ಭೂಮಿ ಎಲ್ಲವನ್ನೂ ಒಡ್ಡಿದಾಗ ಅವನು ಬೇಡವೆಂದನು. ಪ್ರವಚನಗಳಲ್ಲಿ ಈ ಭಾಗಕ್ಕೇ ಹೆಚ್ಚು ಮಹತ್ವ. ಆದರೆ ಬೇಡವೆನ್ನುವ ಅವಕಾಶ ಅವನಿಗಿತ್ತು. ಶಹಾಡಿನ ಹುಡುಗನಿಗೆ ಅದಿಲ್ಲ. ಇವನಿಗೆ ಹತ್ತಿರವಾದುದು ಕಥೆಯ ಆರಂಭ. ಸರ್ವಸ್ವವನ್ನೂ ದಾನ ಮಾಡುವ ಯಾಗದಲ್ಲಿ ತಂದೆಯು ನೀರು ಕುಡಿದು, ಹುಲ್ಲು ಮೇದು, ಹಾಲು ಬತ್ತಿದ ಮುದಿ ಹಸುಗಳನ್ನು ಕೊಡುತ್ತಿದ್ದುದನ್ನು ಆ ಬಾಲಕ ನೋಡಿದನು. ಅವನಲ್ಲಿ ಶ್ರದ್ಧೆ ಹೊಕ್ಕದ್ದು ಆ ಕ್ಷಣದಲ್ಲಿ. ಹೊಸ ಫ್ಲ್ಯಾಟಿಗೆ ಹೋಗುವ ತಂದೆ ಹಳೆಯ ನೆರೆಮನೆಗೆ ಕೆಟ್ಟುಹೋದ ಫ್ಯಾನನ್ನು ಉದಾರವಾಗಿ ದಾನ ಮಾಡುವಾಗಲೂ ಒಂದು ಜೊತೆ ಕಣ್ಣು ನೋಡುತ್ತಿರುತ್ತದೆ. ತನ್ನನ್ನು ಯಾರಿಗೆ ಕೊಡುವೆಯೆಂದು ನಚಿಕೇತ ಮೂರು ಸಲ ಕೇಳಿದನು. ಅದು ಉದ್ಧಟತನವೆಂದು ತಂದೆ ತಿಳಿದು, ಮೃತ್ಯುವಿಗೆ ಕೊಟ್ಟೆನೆಂದು ಗದರಿದನು. ಇಂದಿನ ತಂದೆ ಅಷ್ಟು ಕಠೋರನಲ್ಲ. ಮೋಟಾರ್ ಸೈಕಲ್ಲಿಗೆ ಕೊಡುತ್ತಾನೆ, ದೂರದ ದುಬಾರಿ ವಸತಿಶಾಲೆಗೆ ಕೊಡುತ್ತಾನೆ. ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ.

ಆತ್ಮವಿದ್ಯೆಯನ್ನು ನಚಿಕೇತ ಬೇಡಿದ್ದು ಮೂರನೆಯ ವರದಲ್ಲಿ. ಮೊದಲನೆಯದರಲ್ಲಿ ಅವನು ಬೇಡಿದ್ದು ಇಷ್ಟೇ: ತಾನು ಮನೆಗೆ ಮರಳಿದಾಗ ತಂದೆ ಕೋಪವಿಲ್ಲದೆ, ತನ್ನ ಗುರುತು ಹಿಡಿದು, ಮಾತನಾಡಿಸಲಿ.